ರದ್ದಿ ಅಂಗಡಿಯ ಗೋಣಿಚೀಲದಲ್ಲಿ ಸಿಕ್ಕ ವಿಡಿಯೊ ಗೇಮ್ ಕ್ಯಾಸೆಟ್‌ಗಳು: ಒರಿಜಿನಲ್ ಯಾವುದು, ಉಳಿಸಿಕೊಳ್ಳಬೇಕಾದದ್ದು ಯಾವುದು?

ಪ್ರಶ್ನೆ: ಸಾಧನಕೇರಿಯವ, ಧಾರವಾಡ

ಎಲ್ಲರಿಗೂ ನಮಸ್ಕಾರ. ಹಳೆಯ ವಿಡಿಯೊ ಗೇಮ್‌ಗಳನ್ನು ಸಂಗ್ರಹಿಸಲು ತೊಡಗಿ ನನಗೆ ಎರಡು ವರ್ಷಗಳಾದವು. ಅಮೆರಿಕದ ಸಂಗ್ರಾಹಕರು ವಾರದ ಕೊನೆಯಲ್ಲಿ ಮನೆಯಂಗಳಗಳಲ್ಲಿ ನಡೆಯುವ ಹಳೆ ಸಾಮಾನಿನ ಮಾರಾಟಕ್ಕೂ, ದಾನವಾಗಿ ಬಂದ ವಸ್ತುಗಳನ್ನು ಮಾರುವ ಅಂಗಡಿಗಳಿಗೂ ಹೋಗಿ ಅಪರೂಪದ ಗೇಮ್‌ಗಳನ್ನು ಹುಡುಕಿ ತರುವುದನ್ನು ವಿಡಿಯೊಗಳಲ್ಲಿ ನೋಡಿ ನನಗೂ ಈ ಆಸೆ ಹುಟ್ಟಿತು. ನಮ್ಮಲ್ಲಿ ಅಂಗಳದಲ್ಲಿ ಸಾಮಾನು ಹರವಿ ಮಾರುವ ರೂಢಿಯಿಲ್ಲ. ನಮ್ಮ ಮನೆಗಳಲ್ಲಿ ಕೆಟ್ಟ ವಸ್ತು ಮೊದಲು ಅಟ್ಟ ಸೇರುತ್ತದೆ. ಮನೆ ಕೆಡವುವಾಗಲೋ ಮಾರುವಾಗಲೋ ಅಲ್ಲಿಂದ ಇಳಿದು ನೇರವಾಗಿ ರದ್ದಿಯವರ ತಕ್ಕಡಿಗೆ ಹೋಗುತ್ತದೆ. ಆದ್ದರಿಂದ ನಾನು ಹುಡುಕುವುದೂ ಆ ತಕ್ಕಡಿಯ ಆಸುಪಾಸಿನಲ್ಲಿಯೇ.

ಕಳೆದ ಶನಿವಾರ ಸುಭಾಸ ರಸ್ತೆಯ ಹಿಂದಿನ ಓಣಿಯೊಂದರ ರದ್ದಿ ಅಂಗಡಿಯಲ್ಲಿ ಹಳೆಯ ಮಾಸಪತ್ರಿಕೆಗಳನ್ನು ತಿರುವಿ ಹಾಕುತ್ತಿದ್ದಾಗ, ಮೂಲೆಯ ಗೋಣಿಚೀಲವೊಂದರ ಬಾಯಿಂದ ಬೂದು ಬಣ್ಣದ ವೈರು ಜೋತಾಡುತ್ತಿರುವುದು ಕಂಡಿತು. ವೈರಿನ ತುದಿಯಲ್ಲಿ ಒಂಬತ್ತು ತೂತುಗಳ ಪ್ಲಗ್ ಇತ್ತು. ಅಂಗಡಿಯ ಕಾಕಾ ಅವರನ್ನು ಕೇಳಿದಾಗ, "ಮಾಳಮಡ್ಡಿಯೊಳಗ ಒಂದು ಮನಿ ಖಾಲಿ ಮಾಡಿದ್ರು, ಅಲ್ಲಿಂದ ಬಂದದ್ದರಿ ಇದು. ವೈರಿನೊಳಗಿನ ತಾಮ್ರ ತಗೊಂಡು, ಉಳಿದದ್ದು ಪ್ಲಾಸ್ಟಿಕ್ಕಿಗೆ ಹಾಕಾಂವ ಇದ್ದೆ" ಎಂದರು. ಚೀಲವನ್ನು ನೆಲಕ್ಕೆ ಸುರಿದು ನೋಡಿದೆವು. ಬಿಳಿ-ಕೆಂಪು ಬಣ್ಣದ, ನಾವೆಲ್ಲ ಚಿಕ್ಕಂದಿನಲ್ಲಿ ಮೇರಿಯೋ ಆಡುತ್ತಿದ್ದಂಥ ಯಂತ್ರ, ಅಂಥದೇ ಪ್ಲಗ್‌ನಿಂದ ಕಳಚಿ ಬರುವ ಅದರ ಎರಡು ಜಾಯ್‌ಸ್ಟಿಕ್, ಒಂದು ಬಂದೂಕು, ಒಂಬತ್ತು ಕ್ಯಾಸೆಟ್, ಸೆಗಾ ಮೆಗಾ ಡ್ರೈವ್ ಎಂಬ ಒಂದು ಕಪ್ಪು ಗೇಮ್ ಯಂತ್ರ, ಹಸಿರು ಪಾರದರ್ಶಕ ಪ್ಲಾಸ್ಟಿಕ್ಕಿನ ಪೋಕೆಮಾನ್ ಎಮರಾಲ್ಡ್ ಎಂಬ, ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಯಂತ್ರ ಗೇಮ್‌ಬಾಯ್ ಅಡ್ವಾನ್ಸ್‌ನ ಕ್ಯಾಸೆಟ್, ಜೊತೆಗೆ ಪ್ಲೇಸ್ಟೇಷನ್ 2ರ ಐದು ಡಿಸ್ಕ್‌ಗಳು ಇದ್ದವು. ಅಡಾಪ್ಟರ್ ಒಂದೂ ಇರಲಿಲ್ಲ. ಒಂಬತ್ತು ಕ್ಯಾಸೆಟ್‌ಗಳಲ್ಲಿ ಒಂದರ ಮೇಲೆ "9999 ಇನ್ 1" ಎಂದಿದೆ; ಇನ್ನೊಂದರ ಹಿಂಬದಿಗೆ ಯಾರೋ ಹುಡುಗ ನೀಲಿ ಪೆನ್ನಿನಿಂದ ತನ್ನ ಹೆಸರನ್ನೂ "7ನೇ ಅ" ಎಂದೂ ಬರೆದು, ಅದು ಅಳಿಸದಂತೆ ಮೇಲೆ ಅಂಟುಪಟ್ಟಿ ಹಚ್ಚಿದ್ದಾನೆ.

ಕಾಕಾ 300 ರೂಪಾಯಿ ಕೇಳಿದರು. ನಾನು 600 ಕೊಟ್ಟೆ. ಆದರೂ ಅವರಿಗೆ ಕಡಿಮೆ ಕೊಟ್ಟೆನೋ ಏನೋ ಎಂಬ ಸಂಕೋಚ ಮನಸ್ಸಿನಲ್ಲಿ ಉಳಿದಿದೆ.

ಇವುಗಳಲ್ಲಿ ಒರಿಜಿನಲ್ ಯಾವುವು, ನಕಲು ಯಾವುವು ಎಂದು ಆಡಿ ನೋಡದೆಯೇ ತಿಳಿಯುವ ಬಗೆ ಇದೆಯೇ? ಯಂತ್ರಗಳಿಗೆ ಮನೆಯಲ್ಲಿರುವ ಯಾವುದಾದರೂ ಅಡಾಪ್ಟರ್ ಹಚ್ಚಬಹುದೇ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳ ಕಡೆ ಇಂಥ ವಸ್ತುಗಳನ್ನು ಬೇರೆಲ್ಲಿ ಹುಡುಕಬಹುದು? ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕಡೆ ಬಂದದ್ದೆಲ್ಲ ಬಹುತೇಕ ನಕಲೇ ಆಗಿರುವಾಗ, ಅದನ್ನು ಸಂಗ್ರಹ ಎಂದು ಕರೆಯಲು ಅರ್ಥವಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1: ಟಿವಿ ರಿಪೇರಿಯವ, ಹಳೇ ಹುಬ್ಬಳ್ಳಿ

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಸುಮಾರು ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವನು ನಾನು. ಬೇಸಿಗೆ ರಜೆಯಲ್ಲಿ ನನ್ನ ಅಂಗಡಿಗೆ ಟಿವಿಗಳಿಗಿಂತ ಈ ಯಂತ್ರಗಳೇ ಹೆಚ್ಚು ಬರುತ್ತಿದ್ದವು. ಮೊದಲು ಕರೆಂಟಿನ ವಿಷಯ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಉಳಿದ ಮಾತಿಗೆ ಅವಕಾಶವೇ ಇರುವುದಿಲ್ಲ. ನೀವು ಇನ್ನೂ ಯಾವುದಕ್ಕೂ ಕರೆಂಟ್ ಕೊಟ್ಟಿಲ್ಲವಾದರೆ ಸದ್ಯಕ್ಕೆ ಕೊಡಬೇಡಿ. ಇವತ್ತು ಮನೆಗಳಲ್ಲಿ ಬಿದ್ದಿರುವ ರೌಟರ್, ಸೆಟ್‌ಟಾಪ್ ಬಾಕ್ಸ್‌ಗಳ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಪಿನ್ನಿನ ಒಳಭಾಗ ಪ್ಲಸ್, ಹೊರಭಾಗ ಮೈನಸ್ ಇರುತ್ತದೆ. ಸೆಗಾ ಮೆಗಾ ಡ್ರೈವ್‌ನ ಮೊದಲ ಮಾದರಿಗೆ ಇದು ಪೂರ್ತಿ ಉಲ್ಟಾ: 9 ವೋಲ್ಟ್, ಒಳಭಾಗ ಮೈನಸ್. ಎರಡನೆಯ ಮಾದರಿಗೆ 10 ವೋಲ್ಟ್, ಒಳಭಾಗ ಪ್ಲಸ್. ಎರಡೂ ಕಪ್ಪು, ಎರಡರ ಮೇಲೂ ಮೆಗಾ ಡ್ರೈವ್ ಎಂದೇ ಬರೆದಿರುತ್ತದೆ. ಗುರುತು ಹಿಡಿಯುವುದು ಸುಲಭ: ಮುಂಬದಿಗೆ ಹೆಡ್‌ಫೋನ್ ಸಿಕ್ಕಿಸುವ ತೂತೂ, ಮೇಲೆ ಸದ್ದು ಏರಿಸುವ ಜಾರುಗುಂಡಿಯೂ ಇದ್ದರೆ ಅದು ಮೊದಲ ಮಾದರಿ, ಇಲ್ಲದಿದ್ದರೆ ಎರಡನೆಯದು. ಬಿಳಿ-ಕೆಂಪು ಯಂತ್ರದ ತಳದಲ್ಲಿ ಅಥವಾ ಪಿನ್ನಿನ ತೂತಿನ ಹತ್ತಿರ ಪ್ಲಸ್-ಮೈನಸ್ ಚಿತ್ರವನ್ನು ಅಚ್ಚು ಹಾಕಿದ್ದರೆ ಅದನ್ನೇ ಅನುಸರಿಸಿ. ಅಚ್ಚು ಅಳಿಸಿಹೋಗಿದ್ದರೆ ಯಂತ್ರವನ್ನು ಬಿಚ್ಚಿ, ಬೋರ್ಡಿನ ಮೇಲೆ ಕರೆಂಟಿನ ದಾರಿಯನ್ನು ಮೀಟರ್ ಹಿಡಿದು ನೋಡದೆ ಏನನ್ನೂ ಹಚ್ಚಬಾರದು. ಉಲ್ಟಾ ಅಡಾಪ್ಟರ್ ಹಚ್ಚಿ ಸುಟ್ಟುಕೊಂಡ ಯಂತ್ರಗಳನ್ನು ಎಷ್ಟೋ ಮಕ್ಕಳು ಅಳುತ್ತ ನನ್ನ ಕೈಗೆ ಕೊಟ್ಟದ್ದು ಇಂದಿಗೂ ನೆನಪಿದೆ.

ಇನ್ನು ಬಿಳಿ-ಕೆಂಪು ಯಂತ್ರ. ಇದರ ಮೂಲ ನಿಂಟೆಂಡೊ ಕಂಪನಿಯು 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟ ಫ್ಯಾಮಿಕಾಮ್. ಅದರ ಕ್ಯಾಸೆಟ್ಟಿಗೆ 60 ಪಿನ್. ಅಮೆರಿಕಕ್ಕೆ 1985ರಲ್ಲಿ ಹೋದ ಅದರ ರೂಪಾಂತರದ ಕ್ಯಾಸೆಟ್ಟಿಗೆ 72 ಪಿನ್, ಅಗಲವೂ ಹೆಚ್ಚು. ನಮ್ಮಲ್ಲಿ ಮೀಡಿಯಾ, ಸಮುರಾಯ್, ಲಿಟಲ್ ಮಾಸ್ಟರ್ ಮೊದಲಾದ ಹೆಸರುಗಳಲ್ಲಿ ಮನೆಮನೆಗೆ ಬಂದ ಯಂತ್ರಗಳ ಕ್ಯಾಸೆಟ್ಟುಗಳು ಬಹುತೇಕ ಈ 60 ಪಿನ್ನಿನವು. ನಿಮ್ಮ ಯಂತ್ರದ ಜಾಯ್‌ಸ್ಟಿಕ್ ಒಂಬತ್ತು ತೂತಿನ ಪ್ಲಗ್‌ನಿಂದ ಕಳಚಿ ಬರುತ್ತದೆ ಎಂದಿದ್ದೀರಿ. ಜಪಾನಿನ ಮೂಲ ಯಂತ್ರದಲ್ಲಿ ಜಾಯ್‌ಸ್ಟಿಕ್ಕಿನ ವೈರು ಯಂತ್ರಕ್ಕೇ ಜೋಡಿಸಿಬಿಟ್ಟಿರುತ್ತದೆ, ಕಳಚಲು ಬರುವುದಿಲ್ಲ. ಅಷ್ಟರಿಂದಲೇ ನಿಮ್ಮದು ನಕಲು ಎಂದು ಹೇಳಬಹುದು.

ಆದರೆ ನಕಲುಗಳಲ್ಲಿಯೂ ತರತಮವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ತಳದ ಸ್ಕ್ರೂಗಳನ್ನು ಬಿಚ್ಚಿ ಬೋರ್ಡ್ ನೋಡಿ. ನಲವತ್ತು ಕಾಲಿನ ಎರಡು ದೊಡ್ಡ ಐಸಿಗಳು ಕುಳಿತಿದ್ದು, ಅವುಗಳ ಮೇಲೆ ಯುಎಂಸಿ ಎಂಬ ಗುರುತೂ 6527, 6538 ಎಂಬ ಅಂಕಿಗಳೂ ಇದ್ದರೆ, ಅದು ತೈವಾನಿನ ಯುನೈಟೆಡ್ ಮೈಕ್ರೊಎಲೆಕ್ಟ್ರಾನಿಕ್ಸ್ ಕಂಪನಿಯ ಚಿಪ್ಪುಗಳಿಂದ ಮಾಡಿದ ಹಳೆಯ, ಗಟ್ಟಿ ನಕಲು. ಒಂದು ಐಸಿ ಲೆಕ್ಕ ಮಾಡುತ್ತದೆ, ಇನ್ನೊಂದು ಚಿತ್ರ ಬರೆಯುತ್ತದೆ. ಯಾವುದಾದರೂ ಕೆಟ್ಟರೆ ಬದಲಿಸಬಹುದು. ಅದರ ಬದಲು ಬೋರ್ಡಿನ ನಡುವೆ ಕರಿ ಡಾಂಬರಿನ ಹನಿಯಂಥ ಒಂದೇ ಒಂದು ಗುಳ್ಳೆ ಇದ್ದರೆ, ಎಲ್ಲವನ್ನೂ ಒಂದೇ ಚಿಪ್ಪಿಗೆ ಅಡಕ ಮಾಡಿದ ನಂತರದ ಕಾಲದ ಅಗ್ಗದ ಯಂತ್ರ ಎಂದರ್ಥ. ಗುಳ್ಳೆಯ ಯಂತ್ರಗಳಲ್ಲಿ ಸದ್ದು ತುಸು ಬೇರೆಯಾಗಿ ಕೇಳುತ್ತದೆ, ಕೆಟ್ಟರೆ ರಿಪೇರಿಯಿಲ್ಲ. ಎರಡು ಐಸಿಗಳದ್ದು ಸಿಕ್ಕಿದ್ದರೆ ನೀವು ಕೊಟ್ಟ 600 ರೂಪಾಯಿ ಅದೊಂದಕ್ಕೇ ಸಂದಿತು ಎಂದು ತಿಳಿಯಿರಿ.

"9999 ಇನ್ 1" ಕ್ಯಾಸೆಟ್ಟಿನಲ್ಲಿ ಅಷ್ಟು ಗೇಮ್‌ಗಳು ಇರುವುದಿಲ್ಲ. ಬೆರಳೆಣಿಕೆಯಷ್ಟು ಗೇಮ್‌ಗಳನ್ನೇ ಹೆಸರು ಬದಲಿಸಿ, ಆರಂಭದ ಹಂತ ಬದಲಿಸಿ ಮತ್ತೆ ಮತ್ತೆ ಪಟ್ಟಿಯಲ್ಲಿ ಸೇರಿಸಿರುತ್ತಾರೆ. ಆದರೂ ಯಾವ ಕ್ಯಾಸೆಟ್ಟಿನಲ್ಲಿ ಯಾವ ಗೇಮ್‌ಗಳ ಗುಂಪು ಇದೆ ಎಂಬುದು ಒಂದೊಂದರಲ್ಲೂ ಬೇರೆ, ಆದ್ದರಿಂದ ಪಟ್ಟಿಯ ಪರದೆಯ ಫೋಟೊ ತೆಗೆದಿಡಿ.

ಬಂದೂಕಿನ ಬಗ್ಗೆ ಒಂದು ಮಾತು. ಬಹಳ ಜನ ಅದನ್ನು ಹೊಸ ಎಲ್‌ಇಡಿ ಟಿವಿಗೆ ಹಿಡಿದು, ಬೇಟೆಯ ಗೇಮಿನ ಬಾತುಕೋಳಿ ಬೀಳಲಿಲ್ಲವೆಂದು ಕೆಟ್ಟಿದೆ ಎಂದು ಎಸೆದುಬಿಡುತ್ತಾರೆ. ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದು ನೋಡುವ ಕಣ್ಣು ಮಾತ್ರ. ಕುದುರೆ ಎಳೆದ ಕೂಡಲೇ ಗೇಮ್ ಪರದೆಯನ್ನೆಲ್ಲ ಕಪ್ಪಾಗಿಸಿ, ಮರುಕ್ಷಣ ಹಕ್ಕಿ ಇರುವ ಜಾಗದಲ್ಲಿ ಮಾತ್ರ ಬಿಳಿ ಚೌಕ ತೋರಿಸುತ್ತದೆ. ನಳಿಕೆಯೊಳಗಿನ ಬೆಳಕಿನ ಸೆನ್ಸರ್ ಆ ಕ್ಷಣದಲ್ಲಿ ಬೆಳಕು ಕಂಡರೆ ಹಕ್ಕಿ ಬಿತ್ತು. ಪಿಕ್ಚರ್ ಟ್ಯೂಬಿನ ಟಿವಿ ಸೆಕೆಂಡಿಗೆ 15,625 ಗೆರೆಗಳನ್ನು ಒಂದರ ಕೆಳಗೊಂದು ಎಳೆಯುತ್ತ ಹೋಗುವುದರಿಂದ ಬೆಳಕು ಆ ಲಯದಲ್ಲೇ ಮಿಡಿಯುತ್ತದೆ, ಬಂದೂಕಿನ ಸರ್ಕ್ಯೂಟ್ ಕಾಯುವುದು ಅದನ್ನೇ. ಎಲ್‌ಇಡಿ ಟಿವಿಯ ಬೆಳಕಿಗೆ ಆ ಮಿಡಿತವಿಲ್ಲ, ಚಿತ್ರವೂ ತಡವಾಗಿ ಬರುತ್ತದೆ. ಆದ್ದರಿಂದ ಹಳೆಯ ಡಬ್ಬಾ ಟಿವಿಯಲ್ಲಿ ನೋಡುವವರೆಗೆ ಬಂದೂಕು ಕೆಟ್ಟಿದೆ ಎಂದು ನಿರ್ಧರಿಸಬೇಡಿ.

ಕ್ಯಾಸೆಟ್ಟಿನ ಬಾಯಿಗೆ ಊದುವ ಅಭ್ಯಾಸ ನಮಗೆಲ್ಲ ಇತ್ತು. ಈಗ ಅದನ್ನು ಬಿಡಿ. ಉಸಿರಿನ ತೇವ ಪಿನ್ನುಗಳಿಗೆ ಕಿಲುಬು ಹಿಡಿಸುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಅಥವಾ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ, ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ ಪಿನ್ನುಗಳನ್ನು ಒರೆಸಿ. ಕ್ಯಾಸೆಟ್ಟಿನ ಹೊರಗಿನ ಪ್ಲಾಸ್ಟಿಕ್ಕನ್ನೂ ಅದೇ ಆಲ್ಕೋಹಾಲ್‌ನಿಂದ ಒರೆಸಿ ಆ ಪೆನ್ನಿನ ಬರಹ, ಅಂಟುಪಟ್ಟಿ ಎಲ್ಲ ತೆಗೆದರೆ ಕ್ಯಾಸೆಟ್ ಹೊಸದರಂತಾಗುತ್ತದೆ.

ಪೋಕೆಮಾನ್ ಕ್ಯಾಸೆಟ್ಟನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಹಿಂಬದಿಯ ಸ್ಕ್ರೂ ನೋಡಿ: ಒರಿಜಿನಲ್ ಆಗಿದ್ದರೆ ಮೂರು ಎಸಳಿನ ತಲೆ ಇರಬೇಕು, ನಮ್ಮ ಸಾಮಾನ್ಯ ಪ್ಲಸ್ ತಲೆಯ ಸ್ಕ್ರೂ ಇದ್ದರೆ ಸಂಶಯಪಡಬೇಕು. ಮುಂಬದಿಯ ಲೇಬಲ್ಲನ್ನು ಬೆಳಕಿಗೆ ಓರೆ ಹಿಡಿದರೆ ಎರಡು ಅಂಕಿ ಒತ್ತಿದ ತಗ್ಗು ಕಾಣಬೇಕು, ಶಾಯಿಯಲ್ಲ, ತಗ್ಗು. ಪಿನ್ನುಗಳ ಮೇಲಿನ ಸಂದಿಯಲ್ಲಿ ಇಣುಕಿದರೆ ಬೋರ್ಡಿನ ಮೇಲೆ ನಿಂಟೆಂಡೊ ಎಂಬ ಅಕ್ಷರಗಳು ಕಾಣಬೇಕು. ಲೇಬಲ್ಲಿನ ಅಂಚಿನಲ್ಲಿ ಎಜಿಬಿ-ಬಿಪಿಇಇ ಎಂದು ಶುರುವಾಗುವ ಸಂಕೇತ ಇರಬೇಕು, ಆದರೆ ಇದನ್ನು ನಕಲು ಮಾಡುವವರೂ ಅಚ್ಚುಹಾಕುತ್ತಾರಾದ್ದರಿಂದ ಇದೊಂದನ್ನೇ ನಂಬುವಂತಿಲ್ಲ. ಗೇಮ್ ಶುರುವಾದಾಗ ಒಳಗಿನ ಬ್ಯಾಟರಿ ಮುಗಿದಿದೆ ಎಂಬ ಸಂದೇಶ ಬಂದರೆ ಗಾಬರಿಯಾಗಬೇಡಿ. ಒರಿಜಿನಲ್‌ನಲ್ಲಿ ಆ ಬ್ಯಾಟರಿ ಗಡಿಯಾರಕ್ಕೆ ಮಾತ್ರ. ಆಡಿದ ಆಟ ಉಳಿಯುವುದಕ್ಕೆ ಅದು ಬೇಕಿಲ್ಲ. ಗಡಿಯಾರವೇ ಇಲ್ಲದ ನಕಲುಗಳಲ್ಲಿಯೂ ಅದೇ ಸಂದೇಶ ಬರುವುದರಿಂದ ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಉತ್ತರ 2: ಬೆಟಗೇರಿಯವರು, ಗದಗ

ಹಳೇ ಹುಬ್ಬಳ್ಳಿಯ ಹಿರಿಯರು ಯಂತ್ರದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ್ದಾರೆ. ನಾನು ಎಲ್ಲಿ ಹುಡುಕಬೇಕು, ಏನನ್ನು ಹುಡುಕಬೇಕು ಎಂಬುದಕ್ಕೆ ಬರುತ್ತೇನೆ.

ನನ್ನ ಅನುಭವದಲ್ಲಿ ರದ್ದಿ ಅಂಗಡಿಗೆ ಹೋಗಲು ಒಳ್ಳೆಯ ಕಾಲ ಎರಡು. ಒಂದು, ದಸರೆಗೆ ಮುಂಚಿನ ಎರಡು ವಾರ. ಮನೆ ತೊಳೆದು ಸುಣ್ಣ ಬಣ್ಣ ಮಾಡುವಾಗ ಅಟ್ಟದ ಸಾಮಾನು ಕೆಳಗಿಳಿಯುತ್ತದೆ. ಇನ್ನೊಂದು, ಶಾಲೆಗಳ ಪರೀಕ್ಷೆ ಮುಗಿದು ನೌಕರರಿಗೆ ವರ್ಗವಾಗುವ ಬೇಸಿಗೆಯ ಕಾಲ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದರಿಂದ ರೈಲ್ವೆ ವಸತಿಗೃಹಗಳಿಂದ ನಿವೃತ್ತರಾಗಿ ಹೋಗುವ ಕುಟುಂಬಗಳು ಬಹಳ. ಇಪ್ಪತ್ತು-ಮೂವತ್ತು ವರ್ಷ ಒಂದೇ ಊರಿನಲ್ಲಿದ್ದವರ ಮನೆ ಖಾಲಿಯಾಗುವಾಗ ಮಕ್ಕಳ ಬಾಲ್ಯವೆಲ್ಲ ಒಂದು ಟ್ರಂಕಿನಲ್ಲಿ ಹೊರಬರುತ್ತದೆ. ಆ ಸುತ್ತಿನ ಗುಜರಿ ಅಂಗಡಿಯವರೊಂದಿಗೆ ಪರಿಚಯ ಮಾಡಿಕೊಂಡು, ಬಂದಾಗ ಒಂದು ಫೋನ್ ಮಾಡಿ ಎಂದು ಹೇಳಿಟ್ಟರೆ, ಊರೂರು ಅಲೆಯುವ ಶ್ರಮ ಅರ್ಧಕ್ಕೆ ಇಳಿಯುತ್ತದೆ.

ಗುಜರಿಗಿಂತಲೂ ಹೆಚ್ಚು ನನಗೆ ಸಿಕ್ಕದ್ದು ಬಾಗಿಲು ಹಾಕಿದ ವಿಡಿಯೊ ಗೇಮ್ ಪಾರ್ಲರ್‌ಗಳಲ್ಲಿ, ಸಿಡಿ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳಲ್ಲಿ. ಈಗ ಅಲ್ಲಿ ಮೊಬೈಲ್ ರಿಪೇರಿಯೋ ಜೆರಾಕ್ಸೋ ನಡೆಯುತ್ತಿರುತ್ತದೆ. ಆದರೆ ಮಾಲೀಕರು ಅವರೇ, ಮೇಲಿನ ಕಪಾಟೂ ಅದೇ. "ಅಣ್ಣಾರ, ಮೊದಲು ಇಲ್ಲಿ ಗಂಟೆಗೆ ಹತ್ತು ರೂಪಾಯಿ ಕೊಟ್ಟು ಗೇಮ್ ಆಡ್ತಿದ್ವಿ, ಆ ಸಾಮಾನು ಏನರ ಉಳಿದದ ಏನರಿ?" ಎಂದು ಕೇಳಿದರೆ ಮುಖ ಅರಳಿಸಿ ಒಳಗೆ ಕರೆಯದವರನ್ನು ನಾನು ಇನ್ನೂ ಕಂಡಿಲ್ಲ. ಆಟಿಕೆ ಅಂಗಡಿಗಳ ಅಟ್ಟವನ್ನೂ ಮರೆಯಬೇಡಿ. ಮಾರಾಟವಾಗದೆ ಉಳಿದ ಯಂತ್ರ ಡಬ್ಬಿಯೊಂದಿಗೇ ಸಿಗುವುದು ಅಲ್ಲಿ ಮಾತ್ರ.

ನಿಮ್ಮ ಐದು ಡಿಸ್ಕ್‌ಗಳ ಹೆಸರನ್ನು ನೀವು ಬರೆದಿಲ್ಲ. ದಯವಿಟ್ಟು ತಿರುಗಿಸಿ ತಳ ನೋಡಿ. ಪ್ಲೇಸ್ಟೇಷನ್ 2ರ ಒರಿಜಿನಲ್ ಡಿವಿಡಿಯ ತಳ ಬೆಳ್ಳಿ ಬಣ್ಣ, ಸಿಡಿ ರೂಪದಲ್ಲಿ ಬಂದ ಕೆಲವು ಗೇಮ್‌ಗಳ ತಳ ನೀಲಿ; ಅದಕ್ಕಿಂತ ಹಿಂದಿನ ಮೊದಲ ಪ್ಲೇಸ್ಟೇಷನ್‌ನ ತಳ ಕಪ್ಪು. ನೇರಳೆ ಛಾಯೆಯಿದ್ದು, ಮೇಲೆ ಮಾರ್ಕರ್ ಪೆನ್ನಿನಿಂದ ಹೆಸರು ಬರೆದಿದ್ದರೆ ಅದು ನಕಲು ಡಿಸ್ಕ್ ಓಡಲೆಂದು ಚಿಪ್ ಹಾಕಿಸಿದ ಯಂತ್ರಕ್ಕಾಗಿ ಅಂಗಡಿಯಲ್ಲಿ ಬರೆದುಕೊಟ್ಟ ಪ್ರತಿ. ಅಂಥ ಪ್ರತಿಗಳು ಸಾವಿರಾರು ಇವೆ, ಅವುಗಳ ಮೇಲಿನ ಪದರವೂ ಬೇಗ ಕೆಡುತ್ತದೆ.

ಆದರೆ ಬೆಳ್ಳಿ ತಳದ ಡಿಸ್ಕ್‌ಗಳಲ್ಲಿ ನೀವು ಕಣ್ಣಿಟ್ಟು ಹುಡುಕಬೇಕಾದದ್ದು ನಮ್ಮ ದೇಶದಲ್ಲೇ ತಯಾರಾದ ಗೇಮ್‌ಗಳನ್ನು. ಹೈದರಾಬಾದಿನ ಆರೋನಾ ಟೆಕ್ನಾಲಜೀಸ್ ಮಾಡಿದ "ಹನುಮಾನ್: ಬಾಯ್ ವಾರಿಯರ್" 2009ರಲ್ಲಿ ಬಂದಿತು, ಪ್ಲೇಸ್ಟೇಷನ್‌ಗಾಗಿ ಪೂರ್ಣವಾಗಿ ಭಾರತದಲ್ಲೇ ತಯಾರಾದ ಮೊದಲ ಗೇಮ್ ಅದು. ಅದೇ ವರ್ಷ ಹೈದರಾಬಾದಿನ ಗೇಮ್‌ಶಾಸ್ತ್ರ "ದೇಸಿ ಅಡ್ಡಾ" ಎಂಬ ಗೇಮ್ ತಂದಿತು. ಅದರಲ್ಲಿ ಕಬಡ್ಡಿಯೂ ಚಿನ್ನಿದಾಂಡೂ ಗಾಳಿಪಟದ ಆಟವೂ ಇದ್ದವು. 2010ರಲ್ಲಿ ಮುಂಬೈಯ ಟ್ರೈನ್ ಗೇಮ್ಸ್‌ನಿಂದ "ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್" ಬಂದಿತು. ಸೋನಿ ಕಂಪನಿ ಪ್ಲೇಸ್ಟೇಷನ್ 2ರ ಉತ್ಪಾದನೆಯನ್ನೇ ನಿಲ್ಲಿಸಿದ ಸುದ್ದಿ ಬಂದ ಮೇಲೆ, 2013ರ ಫೆಬ್ರವರಿಯಲ್ಲಿ, "ಡಾನ್ 2" ಚಿತ್ರವನ್ನು ಆಧರಿಸಿದ ಗೇಮ್ ಈ ಯಂತ್ರಕ್ಕೆ ಬಂದದ್ದು ವಿಶೇಷ. ಅಮೆರಿಕದ ಯಾವ ಅಂಗಳದ ಮಾರಾಟದಲ್ಲಿಯೂ ಇವು ಸುಲಭವಾಗಿ ಸಿಗುವಂಥವಲ್ಲ. ಅಲ್ಲಿಯವರು ಇವುಗಳಿಗಾಗಿ ನಮ್ಮತ್ತ ನೋಡುತ್ತಾರೆ, ನಾವು ಮಾತ್ರ ಕಿಲೋ ಲೆಕ್ಕದಲ್ಲಿ ತೂಗಿ ಹಾಕುತ್ತಿದ್ದೇವೆ. ನನಗೆ "ದೇಸಿ ಅಡ್ಡಾ" ಸಿಕ್ಕಿದ್ದು ಗದಗಿನ ಒಂದು ಮೊಬೈಲ್ ಅಂಗಡಿಯಲ್ಲಿ, ಬಿಲ್ಲುಗಳು ಹಾರದಂತೆ ಮೇಲಿಟ್ಟ ಭಾರವಾಗಿ.

ಪ್ರಶ್ನೆ ಕೇಳಿದವರಿಂದ: ಸಾಧನಕೇರಿಯವ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಎಲ್ಲವನ್ನೂ ಮೇಜಿನ ಮೇಲೆ ಹರವಿಕೊಂಡು ನೀವು ಹೇಳಿದಂತೆ ನೋಡಿದೆ. ಬಿಳಿ-ಕೆಂಪು ಯಂತ್ರದಲ್ಲಿ ಎರಡು ದೊಡ್ಡ ಐಸಿಗಳಿವೆ, ಒಂದರ ಮೇಲೆ 6538 ಸ್ಪಷ್ಟವಾಗಿದೆ. ಇನ್ನೊಂದರ ಮೇಲಿನ ಅಕ್ಷರ ಜಿರಲೆಯ ಕಲೆಯಿಂದ ಮುಚ್ಚಿತ್ತು, ಒದ್ದೆ ಹತ್ತಿಯಿಂದ ಒರೆಸಿದಾಗ 65 ಎಂಬಷ್ಟು ಕಂಡಿತು. ಮೆಗಾ ಡ್ರೈವ್‌ನಲ್ಲಿ ಹೆಡ್‌ಫೋನಿನ ತೂತು ಇದೆ, ಅಂದರೆ ಮೊದಲ ಮಾದರಿ. ನಿಜ ಹೇಳಬೇಕೆಂದರೆ ರೌಟರ್‌ನ ಅಡಾಪ್ಟರ್ ಅದಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ನಾನು ಆಗಲೇ ಒಮ್ಮೆ ಹಚ್ಚಿ ನೋಡಿದ್ದೆ, ಸ್ವಿಚ್ ಒತ್ತಿರಲಿಲ್ಲ. ಪೋಕೆಮಾನ್ ನಕಲು: ಪ್ಲಸ್ ತಲೆಯ ಸ್ಕ್ರೂ, ಲೇಬಲ್ಲಿನಲ್ಲಿ ತಗ್ಗಿಲ್ಲ, ಬೋರ್ಡಿನ ಮೇಲೆ ಹೆಸರಿಲ್ಲ. ಐದು ಡಿಸ್ಕ್‌ಗಳಲ್ಲಿ ನಾಲ್ಕು ನೇರಳೆ. ಐದನೆಯದು ಬೆಳ್ಳಿ ತಳದ್ದು, "ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್"! ಡಬ್ಬಿಯಿಲ್ಲ, ಮೇಲೆ ಎರಡು ಗೀರುಗಳಿವೆ. ಬೆಟಗೇರಿಯವರು ಬರೆಯದಿದ್ದರೆ ಅದನ್ನು ಉಳಿದ ನಾಲ್ಕರ ಜೊತೆಗೇ ಇಟ್ಟುಬಿಡುತ್ತಿದ್ದೆ.

ಉತ್ತರ 3: ಹಾವೇರಿಯಿಂದ ಒಬ್ಬ ಶಿಕ್ಷಕಿ

ನಾನು ತಡವಾಗಿ ಓದಿದೆ. ಹಳೇ ಹುಬ್ಬಳ್ಳಿಯ ಅಣ್ಣಾವ್ರ ಮಾತುಗಳಲ್ಲಿ ಒಂದನ್ನು ಮಾತ್ರ ನಾನು ಒಪ್ಪಲಾರೆ, ಅವರು ಅನ್ಯಥಾ ಭಾವಿಸಬಾರದು. "7ನೇ ಅ" ಎಂದು ಬರೆದದ್ದನ್ನು ಅಳಿಸಬೇಡಿ. ಹೊಸದರಂತೆ ಕಾಣುವ ಕ್ಯಾಸೆಟ್ ಜಗತ್ತಿನಲ್ಲಿ ಎಷ್ಟೋ ಇರಬಹುದು. ಧಾರವಾಡದ ಒಬ್ಬ ಹುಡುಗ ಗೆಳೆಯರಿಗೆ ಎರವಲು ಕೊಡುವಾಗ ತನ್ನದು ತನಗೇ ಮರಳಿ ಬರಲಿ ಎಂದು ಹೆಸರು ಬರೆದ ಕ್ಯಾಸೆಟ್ ಅದೊಂದೇ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿಯೂ ಎರಡಕ್ಕಿಂತ ಹೆಚ್ಚು ಕ್ಯಾಸೆಟ್ ಇರಲಿಲ್ಲ, ಆದರೆ ಎಲ್ಲರೂ ಎಲ್ಲ ಗೇಮ್‌ಗಳನ್ನೂ ಆಡಿದ್ದೆವು. ಅದು ನಡೆದದ್ದು ಈ ಅದಲುಬದಲಿನಿಂದ. ಕಾಂಟ್ರಾದಲ್ಲಿ ಮೂವತ್ತು ಜೀವ ಪಡೆಯಲು ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಎಂದು ಒತ್ತಬೇಕೆಂಬುದು ಇಂಟರ್ನೆಟ್ ಇಲ್ಲದ ಕಾಲದಲ್ಲಿ ಹಾವೇರಿಯ ನಮ್ಮ ಓಣಿಗೂ ಬಂದು ತಲುಪಿದ್ದು ಕ್ಯಾಸೆಟ್ಟಿನೊಂದಿಗೆ ಬಾಯಿಂದ ಬಾಯಿಗೆ. ನಮ್ಮ ಮನೆಯ ಯಂತ್ರವನ್ನು ನಮ್ಮವ್ವ ಪಾತ್ರೆ ಮಾರುವವರಿಗೆ ಕೊಟ್ಟು ಒಂದು ಸ್ಟೀಲ್ ಡಬರಿ ತೆಗೆದುಕೊಂಡಳು. ಆ ಡಬರಿ ಇನ್ನೂ ಇದೆ, ಅದರಲ್ಲಿ ಹಾಲು ಕಾಯಿಸುವಾಗಲೆಲ್ಲ ನನಗೆ ಯಂತ್ರದ ನೆನಪಾಗುತ್ತದೆ.

ಆದ್ದರಿಂದ ನಕಲನ್ನು ಸಂಗ್ರಹಿಸಲು ಅರ್ಥವಿದೆಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಖಂಡಿತವಾಗಿ ಇದೆ ಎಂಬುದೇ. ಜಪಾನಿನ ಒರಿಜಿನಲ್ ಯಂತ್ರವನ್ನು ಜಪಾನಿನವರು ಬೇಕಾದಷ್ಟು ಕಾಪಾಡಿದ್ದಾರೆ. ನಮ್ಮ ಮಕ್ಕಳು ನಿಜವಾಗಿ ಆಡಿದ ಯಂತ್ರವನ್ನು ನಾವಲ್ಲದೆ ಬೇರೆ ಯಾರೂ ಕಾಪಾಡುವುದಿಲ್ಲ. ಅದರಲ್ಲೂ ಡಬ್ಬಿ, ಗ್ಯಾರಂಟಿ ಕಾರ್ಡು, ಹುಬ್ಬಳ್ಳಿಯ ಅಂಗಡಿಯ ಸೀಲಿರುವ ಬಿಲ್ಲು, ಇವುಗಳನ್ನು ಯಂತ್ರಕ್ಕಿಂತ ಜೋಪಾನವಾಗಿಡಿ. ಯಂತ್ರ ಯಾವ ವರ್ಷ, ಎಷ್ಟು ಬೆಲೆಗೆ, ಯಾವ ಪೇಟೆಯಲ್ಲಿ ಮಾರಾಟವಾಯಿತು ಎಂಬುದಕ್ಕೆ ಆ ಕಾಗದ ಬಿಟ್ಟರೆ ಬೇರೆ ದಾಖಲೆಯಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ವಸ್ತು ಯಾವ ಊರಿನ ಯಾವ ಓಣಿಯಿಂದ, ಯಾವ ದಿನ, ಎಷ್ಟಕ್ಕೆ ಬಂದಿತು ಎಂದು ಬರೆದಿಡುತ್ತೇನೆ. ಜೊತೆಗೆ ಕೊಟ್ಟವರು ಹೇಳಿದ ನಾಲ್ಕು ಮಾತುಗಳನ್ನೂ.

ಬೆಲೆಯ ವಿಷಯ. 2021ರ ಜುಲೈಯಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ "ಸೂಪರ್ ಮೇರಿಯೋ 64"ರ ಒಂದು ಪ್ರತಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಆ ಸುದ್ದಿ ಓದಿ ಹಳೆಯ ಕ್ಯಾಸೆಟ್ ಎಂದರೆ ಬಂಗಾರ ಎಂದುಕೊಂಡು ಬಾಯಿಗೆ ಬಂದ ಬೆಲೆ ಹೇಳುವವರು ಆನ್‌ಲೈನ್‌ನಲ್ಲಿ ತುಂಬಿದ್ದಾರೆ. ಆ ಗೇಮಿನ ಪ್ರತಿಗಳು ಒಂದು ಕೋಟಿಗೂ ಹೆಚ್ಚು ಮಾರಾಟವಾಗಿವೆ. ಹರಾಜಾದದ್ದು ಕಾರ್ಖಾನೆಯ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚದ, ಸ್ಥಿತಿಗೆ ಬಹಳ ಉನ್ನತ ಶ್ರೇಣಿ ಪಡೆದ ಒಂದು ಪ್ರತಿ. ಆಡಿ ಸವೆದ ಕ್ಯಾಸೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಬೆಲೆ ತಿಳಿಯಬೇಕಾದರೆ ಜನ ಕೇಳುತ್ತಿರುವ ಬೆಲೆಯನ್ನಲ್ಲ, ಮಾರಾಟವಾಗಿಹೋದ ಬೆಲೆಯನ್ನು ನೋಡಿ.

ಇನ್ನು ಕಾಕಾ ಅವರಿಗೆ ಕೊಟ್ಟ 600 ರೂಪಾಯಿ. ಅವರು ಕೇಳಿದ್ದರ ಎರಡು ಪಟ್ಟು ಕೊಟ್ಟಿದ್ದೀರಿ, ಅದರಲ್ಲಿ ಮೋಸವಿಲ್ಲ. ಆದರೆ ನಿಮ್ಮ ಸಂಕೋಚ ಸುಳ್ಳಲ್ಲ, ಅದಕ್ಕೊಂದು ದಾರಿಯಿದೆ. ನಾನು ಶುರು ಮಾಡಿದಾಗ ಒಂದು ಊರಿನ ಗುಜರಿಯವರಿಂದ ಡಬ್ಬಿಸಮೇತ ಯಂತ್ರವೊಂದನ್ನು 150 ರೂಪಾಯಿಗೆ ತಂದೆ, ಏನು ಎಂದು ಅವರು ಕೇಳಿದಾಗ "ಹಳೇ ಆಟಿಗಿ ಸಾಮಾನು, ಹುಡುಗರಿಗೆ" ಎಂದುಬಿಟ್ಟೆ. ಮುಂದೆ ಅವರಿಗೆ ವಿಷಯ ತಿಳಿಯಿತು. ಏನೂ ಅನ್ನಲಿಲ್ಲ, ಆದರೆ ಮತ್ತೆಂದೂ ನನಗೆ ಚೀಲ ಬಿಚ್ಚಿ ತೋರಿಸಲಿಲ್ಲ. ಈಗ ನಾನು ಮೊದಲೇ ಹೇಳಿಬಿಡುತ್ತೇನೆ: ಇಂಥದ್ದನ್ನು ಹುಡುಕುತ್ತೇನೆ, ವೈರು ಕತ್ತರಿಸಬೇಡಿ, ಕತ್ತರಿಸದೆ ಇಟ್ಟರೆ ತಾಮ್ರದ ಬೆಲೆಗಿಂತ ಇಷ್ಟು ಹೆಚ್ಚು ಕೊಡುತ್ತೇನೆ, ನಾನು ಅದನ್ನು ಮಾರಿದರೆ ಲಾಭದಲ್ಲಿ ನಿಮಗೂ ಪಾಲು. ಹಾಗೆ ಹೇಳಿದ ಮೇಲೆ ರಾಣೆಬೆನ್ನೂರಿನ ಒಬ್ಬರು ಜಾಯ್‌ಸ್ಟಿಕ್ಕಿನ ವೈರುಗಳನ್ನು ಸುತ್ತಿ, ರಬ್ಬರ್ ಹಾಕಿ, ಹಿಟ್ಟಿನ ಡಬ್ಬಿಯಲ್ಲಿ ನನಗಾಗಿ ತೆಗೆದಿಡುತ್ತಾರೆ.

ಉತ್ತರ 4: ಟಿವಿ ರಿಪೇರಿಯವ, ಹಳೇ ಹುಬ್ಬಳ್ಳಿ

ತಂಗಿ ಹೇಳಿದ್ದು ಸರಿ. ರಿಪೇರಿ ಮಾಡುವವನ ಕೈಗೆ ಮೊದಲು ಕಾಣುವುದು ಕೊಳೆ. ಹೆಸರನ್ನೂ ನಾನು ಕೊಳೆಯೆಂದೇ ಎಣಿಸಿಬಿಟ್ಟೆ. ಧಾರವಾಡದವರೇ, ಆ ಬರಹ ಇರಲಿ, ಪಿನ್ನುಗಳನ್ನಷ್ಟೇ ಒರೆಸಿ. ಅಂಟುಪಟ್ಟಿ ಹಳದಿಯಾಗಿ ಅಂಚಿನಲ್ಲಿ ಏಳುತ್ತಿದ್ದರೆ ಎಳೆಯಬೇಡಿ, ಅದರೊಂದಿಗೆ ಶಾಯಿಯೂ ಬರುತ್ತದೆ.

ನನ್ನ ಮನೆಯಲ್ಲಿ 14 ಇಂಚಿನ ಒಂದು ಪಿಕ್ಚರ್ ಟ್ಯೂಬ್ ಟಿವಿ ಇನ್ನೂ ಚೆನ್ನಾಗಿ ನಡೆಯುತ್ತಿದೆ. ಬರುವ ಭಾನುವಾರ ಬೆಳಿಗ್ಗೆ ಯಂತ್ರ, ಬಂದೂಕು, ಒಂಬತ್ತೂ ಕ್ಯಾಸೆಟ್ ತೆಗೆದುಕೊಂಡು ಹಳೇ ಹುಬ್ಬಳ್ಳಿಗೆ ಬನ್ನಿ. ಬೆಟಗೇರಿಯವರೂ ಹಾವೇರಿಯ ತಂಗಿಯೂ ಬಂದರೆ ಇನ್ನೂ ಸಂತೋಷ. ಸರಿಯಾದ ಅಡಾಪ್ಟರ್ ನನ್ನ ಹತ್ತಿರ ಎರಡು ಬಗೆಯದೂ ಇವೆ. ರೌಟರಿನದನ್ನು ಮನೆಯಲ್ಲೇ ಬಿಟ್ಟು ಬನ್ನಿ.